ಕಾದ ಮ್ಯಾಲೆ ಸುಮ್ಮನಾಗತೈತಿ

ವಡಗಾವಿಯೊಳಗ ನಮ್ಮ ಓಣಿ ಎಷ್ಟು ಸಣ್ಣದಂದ್ರ
ಕನ್ನಡಿ ಎರಡೂ ಮಡಚಿ ಗಾಡಿ ಒಳಗ ತರಬೇಕು.
ಆ ಕಡೆ ಮಗ್ಗ, ಈ ಕಡೆ ಮಗ್ಗ,
ಹಗಲೆಲ್ಲ ಖಟಖಟ ಖಟಖಟ.
ಮಾತಾಡೂದಂದ್ರ ಕಿವಿಗೆ ಬಾಯಿ ಹಚ್ಚಬೇಕು,
ಅದಕ್ಕಽ ನಮ್ಮ ಮಂದಿ ಬೀಗರ ಮನಿಗೆ ಹೋದ್ರೂ
ಜಗಳಾಡಿದಂಗ ಮಾತಾಡ್ತಾರ.

ಇಂಥಾ ಓಣ್ಯಾಗ
ನನ್ನ ಓಮ್ನಿಯ ಸಪ್ಪಳ ದೊಡ್ಡದಾತು.

ತಪ್ಪು ವ್ಯಾಳ್ಯಾದ್ದು. ಮುಂಜಾನೆ ನಾಕು.
ಮಗ್ಗ ನಿಂತು ಎರಡು ತಾಸು ಆಗಿರತೈತಿ ಅಷ್ಟಽ.
ಡಿಸೆಂಬರದ ಮಂಜು ಗಾಜಿನ ಮ್ಯಾಲೆ,
ಬೇಕರಿಯೊಳಗ ಪಾವ್ ಭಟ್ಟಿ ಬಿಟ್ಟು ಹೊರಗ ಬರೂ ಹೊತ್ತು.
ಚಾವಿ ತಿರುವಿದ್ರ
ಮೊದಲ ಮುದಿ ಎಮ್ಮಿ ಕೆಮ್ಮಿದಂಗ,
ಆಮ್ಯಾಲೆ ತಗಡಿನ ಮ್ಯಾಲೆ ಯಾರೋ
ಜಲ್ಲಿ ಚೀಲ ಸುರುವಿದಂಗ.
ಒಂದು ಕೂಸು ಅಳತೈತಿ, ಅದನ್ನ ಕೇಳಿ ಇನ್ನೊಂದು.

ಪುಂಡಲೀಕ ಒಂದಿನ ಹೊರಗ ಬಂದ.
ಬೈತಾನ ಅಂತ ತಲಿ ತಗ್ಗಿಸಿ ಕುಂತೆ.
ಬೈಲಿಲ್ಲ.
‘ಈಗಽ ಕಣ್ಣ ಹತ್ತಿತ್ತು’ ಅಂದು
ಶಾಲ ಹೊಚ್ಚಿಕೊಂಡು ಒಳಗ ಹೋದ.
ಬೈದಿದ್ರ ಚೊಲೊ ಇತ್ತು.

ರಾತ್ರಿ ಬಾನೆಟ್ಟಿಗೆ ಕೌದಿ ಹೊಚ್ಚಿದೆ.
ಓಮ್ನಿಗೆ ಇಂಜಿನ್ ಇರೂದು ಸೀಟಿನ ಬುಡಕ
ಅಂತ ಹೆಂಡತಿ ನೆನಪ ಮಾಡಿ ಕೊಟ್ಟಳು.
ಸೈಲೆನ್ಸರಿನ ಬಾಯಾಗ
ಭಾಂಡೆ ತಿಕ್ಕೂ ತಂತಿಯ ಉಂಡಿ ತುರುಕಿದೆ,
ಅದು ಹಾರಿ ಹೋಗಿ ಸಾವಂತ್ರೆವ್ವನ ರಂಗೋಲಿ ಮ್ಯಾಲೆ ಬಿತ್ತು.
ಅಂಗಡ್ಯಾಗಿನ ಡಬ್ಬಿ ಪೇಸ್ಟ ಮೆತ್ತಿದೆ,
ಎಂಟು ದಿನ ಹಿಡೀತು, ಒಂಬತ್ತಕ್ಕ ಹೊಪ್ಪಳಿಕಿ ಎದ್ದು ಉದುರಿತು.

ದಸ್ತಗೀರ ಮಿಸ್ತ್ರಿ ಕಡೆ ಒಯ್ದ್ರ
ಗಾಡಿ ಹರಳೆಣ್ಣಿ ಕುಡಿದ ಹುಡುಗನಂಗ ಗಪ್ಪ.
‘ಹತ್ತು ಗಂಟೆಕ್ಕ ತಂದ್ರ ಹೆಂಗ? ಓಡಿಸಿ ಓಡಿಸಿ ಕಾಸಿ ತಂದೀ.
ರಾತ್ರಿ ಇಲ್ಲೆ ಬಿಡು, ನಾನಽ ಎಬ್ಬಸ್ತೀನಿ.’
ಮರುದಿನ ಬುಡಕಿಂದ ಕರದ, ಬ್ಯಾಟರಿ ಹಿಡದು ತೋರಿಸಿದ:
ಇಂಜಿನ್ನಿಗೂ ಪೈಪಿಗೂ ಕೂಡೂ ಜಾಗಾದಾಗ
ಕಾಡಿಗಿ ಎಳದಂಗ ಒಂದು ಕರೀ ಗೆರಿ.
‘ತಣ್ಣಗಿದ್ದಾಗ ಕಬ್ಬಿಣ ಕುಗ್ಗತೈತಿ, ಬಾಯಿ ಬಿಡತೈತಿ.
ಕಾದ ಮ್ಯಾಲೆ ಹಿಗ್ಗಿ ತಾನಽ ಮುಚ್ಚತೈತಿ.
ಗ್ಯಾಸ್ಕೆಟ್ ಬೇಕು. ಬೋಲ್ಟ್ ತುಕ್ಕು ಹಿಡದಾವು, ಮುರೀತಾವು.
ಸಾಮಾನ ಬರಾಕ ವಾರ.’

ಆ ವಾರ
ನ್ಯೂಟ್ರಲ್ ಹಾಕಿ, ಬಾಗಿಲದಾಗ ಭುಜಾ ಕೊಟ್ಟು
ದೊಡ್ಡ ರಸ್ತೆತನಕ ನೂಕಿದೆ.
ನೂರಾ ಹನ್ನೆರಡು ಹೆಜ್ಜಿ, ನಡುವ ಒಂದು ಗಟಾರದ ಏರು.
ಮೂರನೇ ದಿನ ಏರಿನ್ಯಾಗ ಗಾಡಿ ಹಗುರಾತು.
ಹೊಳ್ಳಿ ನೋಡಿದ್ರ ಹಿಂದ ಪುಂಡಲೀಕ,
ಶಾಲ ಸೊಂಟಕ್ಕ ಕಟ್ಟಿ, ಕೈಗೆ ಇನ್ನೂ ಗಂಜಿ ನಾತ.
ನಾನೂ ಮಾತಾಡಲಿಲ್ಲ, ಅವನೂ ಇಲ್ಲ.
ಖಟಖಟ ಇಲ್ಲದ ಓಣ್ಯಾಗ
ಏನ ಮಾತಾಡಬೇಕು, ಎಷ್ಟು ಮೆತ್ತಗ,
ಇಬ್ಬರಿಗೂ ಗೊತ್ತಿರಲಿಲ್ಲ.

ಗ್ಯಾಸ್ಕೆಟ್ ಬಂತು. ಎರಡು ಬೋಲ್ಟ್ ಮುರದು ಹೊಸಾವು ಬಂದವು.
ಅಂದು ನಾಕಕ್ಕ ಚಾವಿ ತಿರುವಿದೆ,
ಬೆಕ್ಕು ಮಗ್ಗಲ ಬದಲಿ ಮಾಡಿದಷ್ಟಽ ಸಪ್ಪಳ.
ಒಂದು ದೀಪಾನೂ ಹತ್ತಲಿಲ್ಲ.
ಆದ್ರ ಪುಂಡಲೀಕ ಕಟ್ಟಿ ಮ್ಯಾಲೆ ನಿಂತಿದ್ದ,
ಶಾಲ ಸೊಂಟಕ್ಕ ಬಿಗದು.
‘ರಿಪೇರಿ ಆತನ?’
‘ಆತು.’
ಒಂದೀಟು ನಿಂತ. ‘ನನಗ ರೂಢಿ ಬಿದ್ದೈತಿ’ ಅಂದ,
ಸುತ್ತ ಬಂದು ಮುಂದಿನ ಸೀಟಿನ್ಯಾಗ ಕುಂತ.

ಸೀಟಿನ ಬುಡಕ ಇಂಜಿನ್ನಿನ ಬಿಸಿ,
ಹಿಂದ ಹದಿನೇಳು ಟ್ರೇ ಪಾವಿನ ಬಿಸಿ.
ಕ್ಯಾಂಪಿನ ತಿರುವು ಬರೂದರಾಗ
ಅವನ ತಲಿ ಗಾಜಿಗೆ ಒರಗಿತ್ತು.

ಓಮ್ನಿಯ ಬಾಗಿಲಾ ನಿಮಗ ಗೊತ್ತಲ್ಲ,
ಧಡಲ್ ಅಂತ ಎಳದು ಬಡದ್ರಽ ಹತ್ತತೈತಿ.
ದವಾಖಾನಿ ಕ್ಯಾಂಟೀನಿಗೆ ಮೂರು ಟ್ರೇ ಇಳಿಸಿ
ಬಾಗಿಲಾ ಅರ್ಧಾ ತೆರೆದಽ ಬಿಟ್ಟು
ಥಂಡ್ಯಾಗ ಮೆಲ್ಲಕ ಹೊಡಕೊಂಡು ಹೊಂಟೆ.
ಮಿಸ್ತ್ರಿಗೆ ಹೇಳಬೇಕು,
ಇನ್ನ ಇದೊಂದು ಉಳದೈತಿ.