ಪೌಂಡಿಗೆ ಇಷ್ಟು

ಹಯಲೀಯದಲ್ಲಿ, ಟೈರಿನಂಗಡಿಯ ಪಕ್ಕ,
ನಾನು ತೂಗುವವಳು.
ಹಾಲಿನ ಪುಡಿ, ಇನ್ಸುಲಿನ್ ಸೂಜಿ, ಬ್ಯಾಟರಿಯ ಪುಟ್ಟ ಫ್ಯಾನು,
ಮಗುವಿನ ಬಲಗಾಲಿನ ಬೂಟು.
ಎಡಗಾಲಿನದು ಮುಂದಿನ ವಾರ;
ಒಂಟಿ ಬೂಟನ್ನು ಕಸ್ಟಮ್ಸಿನವರೂ ಕದಿಯುವುದಿಲ್ಲ.
ಪೌಂಡಿಗೆ ಇಷ್ಟು ಎಂದು ಗೋಡೆಯ ಮೇಲೆ ಬರೆದಿದೆ.
ಮಾತಿಗೆ ದರವಿಲ್ಲ, ಅದಕ್ಕೇ ಇಲ್ಲಿ ಮಾತು ಜಾಸ್ತಿ.

ತಿಂಗಳ ಮೊದಲ ಮಂಗಳವಾರ ಎವೇಲಿಯೊ.
ಎಂಬತ್ತೊಂದು ವರ್ಷ, ಇಸ್ತ್ರಿ ಕೆಡದ ಅಂಗಿ,
ಹದಿನಾಲ್ಕು ವರ್ಷ ಜೈಲಿನ ಕಲ್ಲು ಒಡೆದ ಬೆರಳು.
"ಬಿಡಿಗಾಸೂ ಹೋಗಕೂಡದು ಆ ದ್ವೀಪಕ್ಕೆ.
ಹಡಗು ನಿಲ್ಲಿಸಿ, ವಿಮಾನ ನಿಲ್ಲಿಸಿ,
ಮೂಗು ಹಿಡಿದರೆ ತಾನೇ ಬಾಯಿ ತೆರೆಯುತ್ತಾರೆ"
ಎನ್ನುತ್ತ ಪೆಟ್ಟಿಗೆಯನ್ನು ತಕ್ಕಡಿಗಿಡುತ್ತಾನೆ.
ಹನ್ನೊಂದು ಪೌಂಡು. ಪ್ಲಸೇತಾಸಿನ ತಂಗಿಗೆ.
ಕಳಿಸುವವರ ಜಾಗದಲ್ಲಿ
ತೀರಿಕೊಂಡ ಹೆಂಡತಿಯ ಹೆಸರು ಬರೆಸುತ್ತಾನೆ.
ಬರೆಯುತ್ತೇನೆ. ಸತ್ತವರಿಗೆ ಪಕ್ಷವಿಲ್ಲ.

ಸಾಲಿನಲ್ಲಿ ಅವನ ಹಿಂದೆ ಯೂಸಿಮಿ.
ಏಳು ಗಡಿ, ಒಂದು ಕಾಡು ದಾಟಿ ಬಂದು ಮೂರು ವರ್ಷ.
"ಎತ್ತಿಗೆ ಜ್ವರ, ಎಮ್ಮೆಗೆ ಬರೆ, ತಾತಾ.
ಜನರಲ್ಲುಗಳ ಮನೆಗೆ ಜನರೇಟರಿದೆ,
ಕತ್ತಲಾಗುವುದು ನಮ್ಮಮ್ಮನ ಅಡುಗೆಮನೆ."
ಅವನು ತಿರುಗಲಿಲ್ಲ.
"ಮೆರವಣಿಗೆಯಲ್ಲಿ ಬಾವುಟ ಹಿಡಿಯುತ್ತಿದ್ದಳಲ್ಲ, ನಿಮ್ಮಮ್ಮ?"
"ಹಿಡಿಯದಿದ್ದರೆ ಕೆಲಸ ಹೋಗುತ್ತಿತ್ತು."
"ಹಿಡಿಯದವರು ನಾವು. ಜೈಲಿಗೆ ಹೋದೆವು."
ಆಮೇಲೆ ಟೇಪು ಕಿತ್ತ ಸದ್ದೊಂದೇ.

ದಗೊಬೆರ್ತೊ ಮೂಲೆಯಲ್ಲಿ ನಿಂತಿದ್ದ.
ಜುಲೈಯಲ್ಲಿ ಬೀದಿಗಿಳಿದ ಅವನ ತಮ್ಮನಿಗೆ
ಕೂಗಿದ ಒಂದೇ ಪದಕ್ಕೆ ಎಂಟು ವರ್ಷ.
"ಅವರೊಡನೆ ಮಾತಾಡಿ ನೋಡಿ ಅನ್ನುತ್ತಾರೆ, ಓದಿದವರು.
ಮಾತಾಡಲಿ.
ನನ್ನ ತಮ್ಮನ ಬಾಯಿ ಅವರ ಹತ್ತಿರವೇ ಇದೆ,
ಕೇಳಿ ಇಸಿದುಕೊಳ್ಳಲಿ."

ನಾಲ್ಕು ವರ್ಷಕ್ಕೊಮ್ಮೆ ಟೈ ಕಳಚಿದವನೊಬ್ಬ ಬರುತ್ತಾನೆ,
ಪುಟ್ಟ ಕಪ್ಪಿನಲ್ಲಿ ಕಾಫಿ ಕುಡಿದು,
ಸ್ವಾತಂತ್ರ್ಯ ಎಂಬುದನ್ನು ನಮ್ಮ ಭಾಷೆಯಲ್ಲಿ ತಪ್ಪಾಗಿ ಉಚ್ಚರಿಸಿ,
ಇನ್ನಷ್ಟು ಬಿಗಿ ಮಾಡುತ್ತೇನೆ ಅನ್ನುತ್ತಾನೆ. ಚಪ್ಪಾಳೆ. ನಾನೂ ತಟ್ಟಿದ್ದೇನೆ.
ಅರವತ್ತು ವರ್ಷ ಹೊಡೆದಾಯಿತು:
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ,
ಹುಲ್ಲು ಮಾತ್ರ ನುಗ್ಗಾಯಿತು ಎಂದರೆ
ಎವೇಲಿಯೊ: "ಹೊಡೆದದ್ದು ಸಾಲದು."
ಯೂಸಿಮಿ: "ಆ ಹುಲ್ಲಿಗೆ ಹೆಸರಿದೆ."

ನಿನ್ನೆ ಊಟದ ಹೊತ್ತಿಗೆ ಫೋನು.
ವಿಶ್ವವಿದ್ಯಾಲಯದ ಸಮೀಕ್ಷೆ, ಮೆತ್ತನೆಯ ಹುಡುಗಿ.
ದಿಗ್ಬಂಧನ ಮುಂದುವರಿಯಬೇಕೆ?
ಪೂರ್ತಿ ಹೌದು, ಎಂದೆ.
ಔಷಧಿ, ಆಹಾರ ಕಳಿಸಲು ಬಿಡಬೇಕೆ?
ಪೂರ್ತಿ ಹೌದು.
ಇಷ್ಟು ವರ್ಷದಲ್ಲಿ ಅದರಿಂದ ಏನಾದರೂ ಆಯಿತೆ?
ಇಲ್ಲ.
ಅವಳು ತಡವರಿಸಿದಳು:
ಒಂದಕ್ಕೊಂದು ಹೊಂದುತ್ತಿಲ್ಲ, ಮೇಡಂ.
ಹೊಂದುವುದಿಲ್ಲ ಮಗಳೇ. ಹಾಗೇ ಬರೆದುಕೋ.

ಬಾಗಿಲು ಎಳೆದ ಮೇಲೆ ನನ್ನ ಪೆಟ್ಟಿಗೆ.
ಅಪ್ಪನಿಗೆ.
ಬೀದಿಯ ಕಾವಲು ಸಮಿತಿಯ ನೋಟುಬುಕ್ಕಿನಲ್ಲಿ
ಯಾರ ಮನೆಗೆ ಯಾರು, ಎಷ್ಟು ಹೊತ್ತಿಗೆ ಬಂದರೆಂದು ಬರೆದವನು,
ನಾನು ಮನೆ ಬಿಟ್ಟ ರಾತ್ರಿಯನ್ನೂ
ಗಂಟೆ ನಿಮಿಷ ಸಮೇತ ಬರೆದವನು.
ಕನ್ನಡಕ ಒಡೆದಿದೆಯಂತೆ, ಅಲ್ಲಿ ಗಾಜಿಲ್ಲವಂತೆ.
ಹೊಸ ಕನ್ನಡಕ. ಜೊತೆಗೆ ಒಂದು ಪೊಟ್ಟಣ ಕಾಫಿ,
ಕಾಫಿ ಬೆಳೆಯುವ ಬೆಟ್ಟದಲ್ಲೇ ಹುಟ್ಟಿದವನಿಗೆ ಇಲ್ಲಿಂದ.
ಹಾಕಿಕೊಂಡು ಮೊದಲು ಏನು ಓದುತ್ತಾನೋ,
ಮತ್ತೆ ಏನಾದರೂ ಬರೆಯುತ್ತಾನೋ.

ಎರಡೂಕಾಲು ಪೌಂಡು.
ಮುಳ್ಳು ಇನ್ನೂ ನಿಂತಿಲ್ಲ.
ಬಸ್ಸಿಗೆ ಹೊತ್ತಾಯಿತು, ಅಂದಾಜಿಗೆ ಬರೆದು
ದೀಪ ಆರಿಸುತ್ತೇನೆ.