ಒಂದೆಳೆ ಸುಟ್ಟು ನೋಡಿದ್ದು

ದುರ್ಗಿಗುಡಿಯ ಎರಡನೇ ತಿರುವಿನಲ್ಲಿ
ನನ್ನ ಅಂಗಡಿಯ ಉದ್ದ ಒಂಬತ್ತು ಅಡಿ.
ಈ ರೇಷ್ಮೆ ಹಾಸಿದರೆ ಬಾಗಿಲು ದಾಟಿ
ಮೆಟ್ಟಿಲ ಮೇಲೆ ಚಾಚಿತು.
ಚಪ್ಪಲಿಗಳನ್ನು ಕಾಲಲ್ಲೇ ಸರಿಸಿದೆ.

ಅಗಲ ಮಾತ್ರ ಒಂದು ಗೇಣು, ಮೇಲೆ ನಾಲ್ಕು ಬೆರಳು.
"ಸೀರೆಯಲ್ಲ, ಶಾಲಲ್ಲ. ಜಪಾನಿನ ಮದುವೆ ಹೆಣ್ಣು
ಸೊಂಟಕ್ಕೆ ಸುತ್ತೋದಂತೆ, ಒಬಿ ಅಂತಾರಂತೆ,"
ಅಂದರು ಸರ್ವಮಂಗಳಮ್ಮ.
"ಸಿಂಚನಾಳ ನಿಶ್ಚಯಕ್ಕೆ ಎರಡು ಬ್ಲೌಸ್ ಆಗತ್ತಾ ನೋಡು.
ಬೋಟ್ ನೆಕ್, ಹಿಂದೆ ಲಾಡಿ."

ಆಗತ್ತೆ. ಕತ್ತರಿಗೆ ಆಗದ್ದು ಯಾವುದಿದೆ?

ಕೊಕ್ಕರೆಗಳಿದ್ದವು. ಮಂಡಗದ್ದೆಯವುಗಳ ಗಲಾಟೆ ಇಲ್ಲ;
ಕಾಲು ಹಿಂದೆ ಚಾಚಿ ಚಿನ್ನದೊಳಗೆ ಹಾರುತ್ತಿದ್ದವು.
ತೋಳು ಕೆತ್ತುವಲ್ಲಿ ಒಂದರ ಕುತ್ತಿಗೆ ಹೋಗುತ್ತದೆ,
ತುಸು ಎಡಕ್ಕೆ ಸರಿಸಿದರೆ ಇನ್ನೊಂದರ ರೆಕ್ಕೆ.
ಎಡಕ್ಕೇ ಸರಿಸಿ, ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

ಆಮೇಲೆ ಚಟ ಬಿಡಲಿಲ್ಲ.
ಮೊಳಕಾಲ್ಮೂರಿನ ಗುಣಿಮಗ್ಗದ ನಮ್ಮ ತಾತ
ಯಾವ ಜರಿ ಕಂಡರೂ ಅಂಚಿನಿಂದ ಒಂದೆಳೆ ಕಿತ್ತು
ಬೆಂಕಿಗೆ ಹಿಡಿಯುತ್ತಿದ್ದ:
ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ,
ಬೆಳ್ಳಿ ಉಳಿಯುತ್ತದೆ,
ಮೋಸ ಮುದುಡಿಕೊಳ್ಳುತ್ತದೆ.

ನಾನೂ ಕಿತ್ತೆ. ಮೇಣದಬತ್ತಿಗೆ ಹಿಡಿದೆ.
ನಾರಲಿಲ್ಲ. ಮುದುಡಲಿಲ್ಲ. ಉಳಿಯಲೂ ಇಲ್ಲ.
ಕೆಂಪು ಚುಕ್ಕೆಯೊಂದು ಎಳೆಯುದ್ದಕ್ಕೂ ನಡೆದು
ಹಳೇ ಪಂಚಾಂಗ ಸುಟ್ಟ ಹಾಗೆ ಬೂದಿ.

ಕಾಗದ.

ಇನ್ನೊಂದೆಳೆ ಉಗುರಲ್ಲಿ ಕೆರೆದೆ: ಚಿನ್ನದ ರೇಕು ಉದುರಿತು,
ಕೆಳಗೆ ಕಾಗದವೇ, ಕೂದಲಷ್ಟು ಸಣ್ಣಗೆ ಸೀಳಿ ನೇಯ್ದದ್ದು.
ಮಗ್ಗದ ಮನೆಯಲ್ಲಿ ಹುಟ್ಟಿದ ನನಗೆ
ಸಿಟ್ಟು ಬಂತು ಮೊದಲು. ಹೊಟ್ಟೆಕಿಚ್ಚೆಂದು
ಆಮೇಲೆ ಗೊತ್ತಾಯಿತು.

"ಹಾಗಾದ್ರೆ ಡೂಪ್ಲಿಕೇಟಾ?" ಅವರ ಮುಖ ಸಣ್ಣದಾಯಿತು.
"ಯಾರು ಕೊಟ್ಟದ್ದು ನಿಮಗೆ?"
"ನಮ್ಮಪ್ಪಂಗೆ. ಭದ್ರಾವತಿ ಕಾಗದದ ಕಾರ್ಖಾನೆಯಿಂದ
ಆರು ತಿಂಗಳು ಕಳಿಸಿದ್ರಲ್ಲ, ಮಿಶನ್ನು ಕಲಿಯಕ್ಕೆ.
ಇದ್ದ ಮನೆಯ ಅಜ್ಜಿ, ಫುಮಿ ಅಂತ,
ತನ್ನ ಮದುವೇದು ಕೊಟ್ಟಳಂತೆ.
ಇವರಿಗೆ ಅವಳ ಮಾತು ಬರಲ್ಲ, ಅವಳಿಗೆ ಇವರದು.
ಬೆರಳಲ್ಲಿ ಚಿನ್ನ ತೋರಿಸ್ತಾಳೆ, ಅಪ್ಪನ್ನ ತೋರಿಸ್ತಾಳೆ,
ಮತ್ತೆ ಚಿನ್ನ, ಮತ್ತೆ ಅಪ್ಪ, ನಗ್ತಾಳೆ.
ನಿನ್ನದು ಬಂಗಾರದಂಥ ಗುಣ ಅಂದಳು ಅಂತ
ಸಾಯೋವರೆಗೂ ಹೇಳ್ಕೊಂಡು ತಿರುಗಿದ್ರು..."

ಅಲ್ಲಿಗೆ ಮಾತು ನಿಂತಿತು.
ಬೂದಿಯನ್ನು ನೋಡಿದರು. ನನ್ನನ್ನು ನೋಡಿದರು.
ಮೊದಲು ನಕ್ಕದ್ದು ಯಾರೋ ನೆನಪಿಲ್ಲ.

ಹಳೆಯ ಮಡಿಕೆಯ ಮೇಲೇ ಮಡಚಿಕೊಂಡು ಹೋದರು.
ಬೇರೆ ಬಟ್ಟೆ ತರುತ್ತೇನೆಂದವರು ಇನ್ನೂ ತಂದಿಲ್ಲ,
ನಿಶ್ಚಯಕ್ಕೆ ಹದಿನೆಂಟು ದಿನ.

ರೇಷ್ಮೆಯಿಂದ ನನ್ನ ಸೀಮೆಸುಣ್ಣ ಪೂರ್ತಿ ಹೋಗುವುದಿಲ್ಲ.
ಇದನ್ನು ಅವರಿಗೆ ಹೇಳಲಿಲ್ಲ.
ಒಂದು ಕೊಕ್ಕರೆಯ ರೆಕ್ಕೆಯ ಮೇಲೆ
ಹೊಲಿಯದ ತೋಳಿನ ನೀಲಿ ಅರೆಚಂದ್ರ.