ಕತ್ತಲಲ್ಲಿ ಇಪ್ಪತ್ತು ನಿಮಿಷ

ಕಿಸುಮುವಿನ ಲ್ಯಾಬಿನಲ್ಲಿ ಅವೂರ್
ದೀಪ ಆರಿಸಿ ಕೂತಿದ್ದಾಳೆ.
ಬೆಳಕು ಬಿದ್ದರೆ ಬಣ್ಣ ಸಾಯುತ್ತದೆ,
ಅದಕ್ಕೇ ಕೊಳವೆಗೆ ಬೆಳ್ಳಿಹಾಳೆಯ ಮುಸುಕು.

ಒಂದು ಹನಿ ರಕ್ತ. ಹೆಸರಿಲ್ಲ, ೪೧೭.
ಹಸಿರು ತೊಟ್ಟ ಪ್ರತಿಕಾಯ ಸಿಡಿ-ಫೋರ್ ಕೋಶಕ್ಕೆ ಅಂಟಬೇಕು,
ಕೆಂಪು, ಸಿಡಿ-ಎಯ್ಟ್‌ಗೆ.
ತಪ್ಪಿ ಅಂಟಿದ್ದು ತೊಳೆದಾಗ ಹೋದೀತು,
ಹೋಗದಿದ್ದರೆ ನಾಳೆ ಮತ್ತೆ.

ಚಂದ್ರನಿಲ್ಲದ ರಾತ್ರಿ ಅಪ್ಪ
ದೋಣಿಗೆ ಲಾಟೀನು ಕಟ್ಟಿ ಸರೋವರಕ್ಕಿಳಿಯುತ್ತಿದ್ದ.
"ಬೆಳಕನ್ನ ಎಲ್ಲ ಮೀನೂ ನಂಬೋದಿಲ್ಲ ಮಗಳೇ,
ಒಮೆನಾ ಮಾತ್ರ ಬರುತ್ತೆ."

ಲೇಸರ್ ಮುಂದೆ ಒಂದೊಂದೇ ಕೋಶ
ಸಾಲುಗಟ್ಟಿ ಹಾಯುತ್ತದೆ.
ಪರದೆಯ ಎಡಮೂಲೆ ಕಿಕ್ಕಿರಿದಿದೆ.
ಬಲಕ್ಕೆ, ಹಸಿರು ಇರಬೇಕಾದಲ್ಲಿ,
ದೂರದೂರ ನಾಲ್ಕೈದು ಲಾಟೀನು.

ಹೊರಗೆ ಜನರೇಟರ್ ಗುರುಗುಟ್ಟುತ್ತಿದೆ.
ಅವಳು ಲೆಕ್ಕ ಬರೆಯುವುದಿಲ್ಲ,
ಉಳಿದ ಹನಿಯನ್ನು
ಇನ್ನೊಮ್ಮೆ ಹಾಯಿಸುತ್ತಾಳೆ.